ಪಕ್ಕದ ದಂಡೆಯ ದೇವರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಇದುವರೆಗೆ ಇಪ್ಪತ್ತಮೂರು ದೇವರುಗಳನ್ನು ಹುಟ್ಟಿಸಿದ್ದೇನೆ. ಎಲ್ಲರೂ ಹುಟ್ಟಿದ್ದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ, ನಮ್ಮ ಮನೆಯ ಊಟದ ಮೇಜಿನ ಮೇಲೆ, ಬೆಳಗಿನ ಕಾಫಿಗೂ ಮಧ್ಯಾಹ್ನದ ನಿದ್ದೆಗೂ ನಡುವೆ. ಗುಡುಗಿಗೆ ಒಬ್ಬ, ಬಿತ್ತನೆಗೆ ಒಬ್ಬಳು, ಕಳೆದುಹೋದ ಕನ್ನಡಕಕ್ಕೂ ಒಬ್ಬ. "ಇಷ್ಟು ದೇವ್ರನ್ನ ಹುಟ್ಟಿಸೀರಿ, ಒಬ್ಬರಿಗಾದ್ರೂ ಗ್ಯಾಸ್ ಬುಕ್ ಮಾಡ್ಲಿಕ್ಕೆ ಹೇಳ್ರಿ" ಎನ್ನುತ್ತಾಳೆ ನನ್ನ ಹೆಂಡತಿ. ಕುರುಗೋಡಿನ ಒಂದು ಪ್ರೌಢಶಾಲೆಯಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು ನಾನು. ಇದ್ದ ರಾಜರ ಕತೆ ಹೇಳಿ ಹೇಳಿ ಬೇಸತ್ತು, ಇಲ್ಲದ ರಾಜ್ಯದ ಮೇಲೆ ಕಾದಂಬರಿ ಬರೆಯಲು ಕೂತೆ. ಎಂಟು ವರ್ಷವಾಯಿತು.

ಕಾದಂಬರಿಯಲ್ಲಿ ಒಂದು ನದಿ. ಆಚೆ ದಂಡೆಗೆ ಒಂದು ಜನ, ಈಚೆ ದಂಡೆಗೆ ಇನ್ನೊಂದು. ಏಳನೆಯ ಅಧ್ಯಾಯದಲ್ಲಿ ಎರಡೂ ಕಡೆಯ ರಾಯಭಾರಿಗಳು ಕೂತು, ನಿಮ್ಮ ಯಾವ ದೇವರು ನಮ್ಮ ಯಾವ ದೇವರು ಎಂದು ಹದಿನೆಂಟು ಪುಟ ತಾಳೆ ನೋಡುತ್ತಾರೆ. ನನ್ನ ಪಾಂಡಿತ್ಯವನ್ನೆಲ್ಲ ಅಲ್ಲೇ ಸುರಿದಿದ್ದೆ. ಹಸ್ತಪ್ರತಿ ಓದಿದ ಪ್ರಕಾಶಕರು ಫೋನ್ ಮಾಡಿ, "ಸರ್, ಉಳಿದದ್ದೆಲ್ಲ ಚೆನ್ನಾಗಿದೆ. ಆ ಅಧ್ಯಾಯ ಮಾತ್ರ ಮೇಷ್ಟ್ರು ಹಾಜರಿ ಕೂಗಿದ ಹಾಗಿದೆ. ಅದು ಸರಿಯಾಗದಿದ್ದರೆ ಪುಸ್ತಕ ತರೋದು ಕಷ್ಟ" ಎಂದರು. ಎಂಟು ವರ್ಷದ ಕೆಲಸ ಹದಿನೆಂಟು ಪುಟದಲ್ಲಿ ಸಿಕ್ಕಿಬಿದ್ದಿತ್ತು. ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.

ಹಾಗಂತ ಈ ವಿಷಯದಲ್ಲಿ ನನ್ನನ್ನು ಮೀರಿಸುವವರು ಬಳ್ಳಾರಿಯಲ್ಲಿ ಯಾರಿದ್ದಾರೆ? ಹಿಂದೆ ಗ್ರೀಕರು ಪರದೇಶಕ್ಕೆ ಹೋದರೆ ಅಲ್ಲಿಯ ದೇವರಿಗೂ ತಮ್ಮ ದೇವರ ಹೆಸರನ್ನೇ ಅಂಟಿಸಿ, ಊರಿಗೆ ಬಂದು, "ಅಲ್ಲೂ ನಮ್ಮವನೇ ಇದ್ದಾನೆ" ಎನ್ನುತ್ತಿದ್ದರು. ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ನಮ್ಮ ಸೀಮೆಯ ಕ್ರಮ ಬೇರೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕುರುಗೋಡಿನ ಬಾಡಿಗೆ ಮನೆಯ ಯಜಮಾನಿ, "ನಿಮ್ದು ಯಾವ ದೇವ್ರಿಗೆ ನಡಕೊಳ್ಳೋ ಮನಿರಿ ಮಾಸ್ತರ?" ಎಂದು ಕೇಳಿದ್ದರು. ತಿಮ್ಮಪ್ಪ ಎಂದೆ. "ಹಂಗಾರ ಶನಿವಾರದವ್ರು" ಎಂದು ತೀರ್ಪು ಕೊಟ್ಟರು. ಅವರದು ಬಸವಣ್ಣನಿಗೆ ನಡೆದುಕೊಳ್ಳುವ ಮನೆ, ಸೋಮವಾರದವರು. ಅಂದಿನಿಂದ ಶನಿವಾರ ನಮ್ಮನೆಗೆ ಬರುವ ಪಲ್ಯದಲ್ಲಿ ಉಳ್ಳಾಗಡ್ಡಿ ಇರುತ್ತಿರಲಿಲ್ಲ. ಶಂಖ ಚಕ್ರಗಳ ಮಾತೇ ಬರಲಿಲ್ಲ. ಇಷ್ಟೆಲ್ಲ ಕಂಡುಂಡೂ ನಾನು ಆ ಬಡಪಾಯಿ ರಾಯಭಾರಿಗಳಿಂದ ಆಯುಧ, ವಾಹನ, ವಂಶಾವಳಿ ಎಂದು ಗಿಣಿಪಾಠ ಹೇಳಿಸಿದ್ದೆ.

ಕೊನೆಗೆ ಆ ಹದಿನೆಂಟು ಪುಟ ಹಿಡಿದು ಸಿರುಗುಪ್ಪದ ಬಸ್ ಹತ್ತಿದೆ. ಅಲ್ಲಿ ಅಕ್ಕಿ ಗಿರಣಿ ನಡೆಸುವ ವೀರೇಶ ನನ್ನ ಕಾಲೇಜಿನ ಗೆಳೆಯ. ಓದುವಾಗ ನಮ್ಮ ಮನೆಯ ಮಹಡಿಯ ಕೋಣೆಯಲ್ಲೇ ಇದ್ದ. ಅವರದು ವಿಭೂತಿಯ ಮನೆ, ನಮ್ಮದು ನಾಮದ ಮನೆ. ಆದರೂ ನನ್ನ ಅಮ್ಮ ಇರುವವರೆಗೂ ಪ್ರತಿವರ್ಷ ಭತ್ತದ ಸುಗ್ಗಿಗೆ ಅವರ ಮನೆಗೆ ಹೋಗುವುದು ತಪ್ಪಲಿಲ್ಲ.

ವೀರೇಶ ಹಿತ್ತಲಲ್ಲಿ ಹೊರಸಿನ ಮೇಲೆ ಕೂತು ಓದಿದ. ನಾಲ್ಕನೆಯ ಪುಟಕ್ಕೇ ಮಡಚಿಟ್ಟ.

"ಲೇ ಶೇಷ್ಯಾ, ದೇವ್ರ ಗುರ್ತು ಹಿಂಗ ಸಿಗ್ತೈತೇನಲೇ? ಆ ಕಲ್ಲು ನೋಡು. ಏನದು?"

ಹಿತ್ತಲ ಬಾಗಿಲ ಪಕ್ಕದಲ್ಲಿ ಅರಿಶಿನ ಕುಂಕುಮ ಹಚ್ಚಿದ ಮೊಳಕಾಲೆತ್ತರದ ಕಲ್ಲು. ಬಂದಾಗಲೆಲ್ಲ ಅಮ್ಮ ಅದಕ್ಕೆ ಹೂವಿಟ್ಟು ಕೈಮುಗಿಯುತ್ತಿದ್ದಳು, ಜೊತೆಗೆ ನಾನೂ.

"ನಿಮ್ಮನೆ ಅಮ್ಮನವರು" ಎಂದೆ, ಹಿಂದೆಮುಂದೆ ನೋಡದೆ.

"ಎಮ್ಮಿ ಕಟ್ಟೋ ಕಲ್ಲಲೇ ಅದು!"

ನನ್ನ ಮುಖ ನೋಡಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಹೇಳಿದ. ಅಮ್ಮ ಮೊದಲ ಸಲ ಬಂದ ದಿನ ಅವರ ಮನೆಯಲ್ಲಿ ಎಮ್ಮೆಗೆ ಪೂಜೆ ಮಾಡಿ, ಕೈಗಂಟಿದ ಕುಂಕುಮವನ್ನು ಆ ಕಲ್ಲಿಗೆ ಒರೆಸಿದ್ದರಂತೆ. ಎಮ್ಮೆ ಮೇಯಲು ಹೋಗಿತ್ತು. ಬೇರೆಯವರ ದೇವರಿಗೆ ಅಗೌರವ ಆಗಬಾರದೆಂದು ಅಮ್ಮ ಕೈಮುಗಿದಳು. ಮನೆಗೆ ಬಂದವರ ಮುಖ ಸಣ್ಣದಾಗಬಾರದೆಂದು ವೀರೇಶನ ತಾಯಿ ಸುಮ್ಮನಾದರು. ಮರುವರ್ಷ ಅಮ್ಮ ಬರುವ ಮುಂಚೆ ತಾವೇ ಕಲ್ಲು ತೊಳೆದು ಕುಂಕುಮವಿಟ್ಟರು. ಎಮ್ಮೆಗೆ ಬೇರೆ ಗೂಟ ಬಂತು.

ಊರಿಗೆ ಬಂದವನೇ ಹದಿನೆಂಟು ಪುಟ ಹರಿದುಹಾಕಿದೆ. ಹೊಸ ಅಧ್ಯಾಯದಲ್ಲಿ ರಾಯಭಾರಿಯ ಮುದಿತಾಯಿ ಆಚೆ ದಂಡೆಗಿಳಿದು, ದೋಣಿ ಕಟ್ಟುವ ಕಲ್ಲಿಗೆ ಕೈಮುಗಿಯುತ್ತಾಳೆ. ದಂಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮಾರನೆಯ ದಿನ ಕಲ್ಲು ತೊಳೆಯುತ್ತಾರೆ. ಐದೇ ಪುಟ. ಪ್ರಕಾಶಕರು ಕುಣಿದಾಡಿದರು. "ಒಂದೇ ಒಂದು ಬಾಕಿ ಸರ್. ಕೊನೆಗೆ ಅದು ಯಾವ ದಂಡೆಯ ದೇವರು? ಅದನ್ನೊಂದು ಬರೆದುಬಿಡಿ, ಅಚ್ಚಿಗೆ ಕಳಿಸ್ತೀನಿ." ಇಷ್ಟು ದೇವರ ತಂದೆಯಾದ ನನಗೆ ಆ ಒಂದು ಸಾಲು ಹೊಳೆಯಲಿಲ್ಲ. ಒಂದು ವಾರ ಒದ್ದಾಡಿ ಮತ್ತೆ ಸಿರುಗುಪ್ಪಕ್ಕೆ ಹೋದೆ.

ವೀರೇಶ ಗಿರಣಿಯಲ್ಲಿದ್ದ. ಅವನ ತಾಯಿ, ನಾನೂ ಅವ್ವ ಎಂದೇ ಕರೆಯುವ ಮುದುಕಿ, ನಡುಬಗ್ಗಿಸಿಕೊಂಡು ಆ ಕಲ್ಲಿನ ಮುಂದೆ ನಿಂತಿದ್ದರು. ಕೈಯಲ್ಲಿ ಚೊಂಬು. ನೇರವಾಗಿ ಕೇಳಿಯೇಬಿಟ್ಟೆ.

"ಅವ್ವಾ, ಇದು ಯಾವ ದೇವ್ರು?"

"ನಿಮ್ಮವ್ವಾರ ದೇವ್ರಲ್ಲೇನಪ್ಪಾ" ಎಂದರು, ಇದೇನು ಕೇಳುತ್ತಾನೆ ಎನ್ನುವಂತೆ. "ನಮ್ಮನ್ಯಾಗ ಇಂಥಾ ದೇವ್ರು ಎಲ್ಲಿತ್ತು? ಅವ್ರು ಬಂದು ತೋರಿಸಿದ ಮ್ಯಾಲ ಗೊತ್ತಾತು. ಈಗ ಅವ್ರು ಬರಾಂಗಿಲ್ಲಲ್ಲ, ಅದಕ್ಕ ದಿನಾ ನಾನ ನೀರು ಹಾಕ್ತೀನಿ."

ಅಮ್ಮ ಹೋಗಿ ಆರು ವರ್ಷ. ಮನೆಯಲ್ಲಿ ಅವಳ ಫೋಟೋಕ್ಕೆ ನಾನು ಹೂ ಹಾಕುವುದು ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. "ಕೊಡ್ರಿ ಅವ್ವಾ, ಇವತ್ತು ನಾನು ಹಾಕ್ತೀನಿ" ಎಂದು ಮುಂದೆ ಹೋಗಿ ಚೊಂಬಿಗೆ ಕೈಚಾಚಿದೆ. ಅವ್ವ ಕೊಡಲಿಲ್ಲ. ನನ್ನ ಕಾಲು ನೋಡಿ ಗದರಿದರು.

"ಚಪ್ಲಿ ಬಿಟ್ಟು ಬಾರಪ್ಪಾ! ನಿಮ್ಮ ದೇವ್ರ ಗುರ್ತು ನಿನಗ ಇಲ್ಲೇನು?"