ಭಾಗ್ಯಶ್ರೀಯ ಮೀನಿನ ಪೆಟ್ಟಿಗೆಯ ದೀಪ

"ಕರೆಂಟ್ ಕಮ್ಮಿ ತಿನ್ನೋ ಲೈಟ್ ತೋರಸ್ರಿ ಅಣ್ಣಾ, ಆದ್ರ ಹಗಲೂ ರಾತ್ರಿ ಉರೀಬೇಕು ನೋಡ್ರಿ. ಮನ್ಯಾಗಿನ ಮೀನಿನ ಪೆಟ್ಟಿಗಿ ನನ್ನ ಮಗಳು ಭಾಗ್ಯಶ್ರೀದು. ನೀರಾಗಿನ ಗಿಡ ಎಲ್ಲಾ ಆಕಿನೇ ಹಚ್ಚ್ಯಾಳ. ದೀಪಾವಳಿ ಮುಂದ ಜ್ವರ ಬಂದು ಹೋಗಿಬಿಟ್ಟಳ್ರಿ. ಸತ್ತೋರ ಮನ್ಯಾಗ ದೀಪ ಆರಬಾರದಂತ ಅವತ್ತು ಪೆಟ್ಟಿಗಿ ಲೈಟ್ ಹಚ್ಚಿದ್ದು, ಇನ್ನಾ ಬಂದ್ ಮಾಡಿಲ್ಲ. ಈಗ ಆ ಟ್ಯೂಬ್ ಮಿಣಮಿಣ ಅನ್ಲಾಕ ಹತ್ಯದ. ಅದು ಆರೋದ್ರಾಗ ಹೊಸಾದು ಹಚ್ಚಬೇಕ್ರಿ."

ಭಾಲ್ಕಿಯಿಂದ ಬಸ್ಸು ಹಿಡಿದು ಬೀದರಿನ ಅಲಂಕಾರಿಕ ಮೀನಿನ ಅಂಗಡಿಗೆ ಬಂದಿದ್ದ ಅನುಸೂಯಾಬಾಯಿ ಇಷ್ಟು ಹೇಳಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಎಲೆಯೊಂದನ್ನು ಮುಂದಿಟ್ಟಳು.

"ಗಿಡ ಯಾಕೋ ಸೊರಗ್ಯಾವ. ಬೆಳಕು ಸಾಲವಲ್ದೇನೋ?"

ಔರಾದ ಕಡೆಯವನಾದ ಅಂಗಡಿಯ ಅಮಿತಕುಮಾರ ಎಲೆಯನ್ನು ಹೆಬ್ಬೆರಳಿನಿಂದ ಉಜ್ಜಿದ. ಹಸಿರು ಪಾಚಿ ಬೆರಳಿಗೆ ಹತ್ತಿತು.

"ಬೆಳಕು ಹೆಚ್ಚಾಗ್ಯದ್ರಿ ಅಕ್ಕಾ. ಪಾಚಿ ಎಲಿ ಮುಚ್ಚಿಬಿಟ್ಟದ. ಈ ಎಲ್‌ಇಡಿ ಪಟ್ಟಿ ಒಯ್ರಿ, ಟ್ಯೂಬಿನ ಅರ್ಧಾ ಕರೆಂಟೂ ತಿನ್ನಂಗಿಲ್ಲ. ಆದ್ರ ಸಂಜಿಗಿ ಬಂದ್ ಮಾಡ್ರಿ. ಗಿಡಕ್ಕೂ ಕತ್ತಲಿ ಬೇಕ್ರಿ. ಇಲ್ಲಾಂದ್ರ ಒಂದೂ ಉಳ್ಯಂಗಿಲ್ಲ."

"ನನ್ನ ಕೈಲೇ ಆರಸಬೇಕೇನ್ರಿ?"

ಅಮಿತಕುಮಾರ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಆಕೆಯ ಕೈಗಿತ್ತ.

ಮರುದಿನ ಸಂಜೆ ಅನುಸೂಯಾಬಾಯಿ ಹೊಸ ಬೆಳಕಿನಲ್ಲಿ ಮಗಳು ನೆಟ್ಟ ಗಿಡಗಳನ್ನು ಕಣ್ತುಂಬ ನೋಡಿದಳು. ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಆರಿಸದಿದ್ದರೆ ಮಗಳ ಗಿಡ ಹೋಗುತ್ತದೆ, ಆರಿಸಿದರೆ ಮಗಳೇ ಇನ್ನೊಮ್ಮೆ ಹೋದಂತೆ.

"ಮಲ್ಕೋ ನನ್ನವ್ವಾ," ಎಂದು ಒತ್ತಿಬಿಟ್ಟಳು.

ಪೆಟ್ಟಿಗೆ ಕಪ್ಪಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋಗಿ, ಪರಾತದಲ್ಲಿ ಜೋಳದ ಹಿಟ್ಟು ಸುರಿದು, ಬಿಸಿನೀರು ಬಿಟ್ಟು ನಾದತೊಡಗಿದಳು.