ಸಾಣೆಮನೆಯ ಸಕ್ಕರೆ

ಎಂಥ ಮಾತಿಗೂ ತುಟಿಪಿಟಕ್ಕೆನ್ನದ ಆಸಾಮಿ ಎಂದು ಬೀದಿಯವರು ಅವನಿಗೆ ಪಿಟಕ್ಕಣ್ಣ ಎಂದೇ ಹೆಸರಿಟ್ಟಿದ್ದರು. ಸೈನ್ಯಕ್ಕೆ ಸಾಮಾನು ಮಾಡಿಕೊಡುವ ಖಾಸಗಿ ಕಂಪನಿಯೊಂದರಲ್ಲಿ ಸಾಣೆ ಹಿಡಿಯುವುದು ಅವನ ಕೆಲಸ. ಗೇಟಿನಲ್ಲಿ ಫೋನು ಒಪ್ಪಿಸಿ, ಕೊರಳಿಗೆ ಹಳದಿ ಕಾರ್ಡು ಹಾಕಿಕೊಂಡು ಒಳಗೆ ಹೋಗಬೇಕು. ಹಳದಿ ಕಾರ್ಡಿನವರು ಹಸಿರು ಬಾಗಿಲ ಹತ್ತಿರ ಸುಳಿಯುವಂತಿಲ್ಲ. ಬೆರಳುದ್ದದ ಬಿಡಿಭಾಗಗಳನ್ನು ತಿರುಗುವ ಕಲ್ಲಿಗೆ ಹಿಡಿದು ನುಣುಪು ಮಾಡಿ ಕೊಟ್ಟರಾಯಿತು. ಅವು ಯಾವ ಯಂತ್ರದ ಹೊಟ್ಟೆ ಸೇರುತ್ತವೆಂದು ಅವನಿಗೆ ಗೊತ್ತಿಲ್ಲ, ಅದು ಯಾವ ಲೋಹವೆಂದೂ ಗೊತ್ತಿಲ್ಲ. ಸೇರಿದ ದಿನವೇ ಹಳೆಯ ಮೇಸ್ತ್ರಿ, "ಇದರ ಹೆಸರು ಕೇಳಬಾರದು, ನಾವು ಸಕ್ಕರೆ ಅಂತೀವಿ" ಎಂದಿದ್ದ. ಸಕ್ಕರೆ ಬಂತು, ಸಕ್ಕರೆ ಮುಗೀತು, ಇವತ್ತು ಸಕ್ಕರೆ ಜಾಸ್ತಿ, ಇಷ್ಟೇ ಸಾಣೆಮನೆಯ ಮಾತು. ಹೊರಗಿನವರು ಕೇಳಿಸಿಕೊಂಡಿದ್ದರೆ ಮಿಠಾಯಿ ಅಂಗಡಿ ಎಂದುಕೊಳ್ಳುತ್ತಿದ್ದರು.

ತಾನು ಕಾಯುತ್ತಿರುವ ಗುಟ್ಟು ಏನೆಂದೇ ತಿಳಿಯದವನಿಗೆ ಕಂಡದ್ದೆಲ್ಲ ಗುಟ್ಟೇ. "ಏನಣ್ಣ, ಈಗ ರಾತ್ರಿ ಪಾಳಿನಾ?" ಎಂದು ಕ್ಷೌರದವನು ಕೇಳಿದ ತಪ್ಪಿಗೆ ಅಂಗಡಿಯನ್ನೇ ಬದಲಾಯಿಸಿದ. ಎದುರುಮನೆಯ ಹೊಸ ಬಾಡಿಗೆದಾರ ದುರ್ಬೀನು ಇಟ್ಟುಕೊಂಡಿದ್ದಾನೆ ಎಂದು ಕಂಪನಿಯ ಸೆಕ್ಯುರಿಟಿ ಆಫೀಸರಿಗೆ ಸುದ್ದಿ ಮುಟ್ಟಿಸಿದ. ಆಫೀಸರು ಆ ಮನುಷ್ಯನ ಹೆಸರು, ಉದ್ಯೋಗ, ನೆಂಟರಿಷ್ಟರು ಎಲ್ಲವನ್ನೂ ಕೆದಕಿ ಕೆದಕಿ ವಿಚಾರಿಸಿದರು. ಪಾಪ, ಆತ ಹಕ್ಕಿ ನೋಡುವ ಹುಚ್ಚಿನ ಮೇಷ್ಟ್ರು. ಆದರೂ ಆಫೀಸರು ನಗದೆ ಪಿಟಕ್ಕಣ್ಣನ ಬೆನ್ನು ತಟ್ಟಿದರು. ಆಮೇಲೆ ಇವನನ್ನು ಹಿಡಿಯುವವರುಂಟೆ? ಹೆಂಡತಿಯ ತಮ್ಮನನ್ನು ಶಿಫಾರಸು ಮಾಡಿ ಪಕ್ಕದ ಕಲ್ಲಿಗೆ ಸೇರಿಸಿಕೊಂಡಾಗ, ಸಾಣೆಗಿಂತ ಮೊದಲು ಅನುಮಾನಪಡುವುದನ್ನೇ ಕಲಿಸಿದ. ಭಾವಮೈದುನ ಚೆನ್ನಾಗಿಯೇ ಕಲಿತ.

ಕೆಮ್ಮು ಹತ್ತಿಕೊಂಡದ್ದನ್ನೂ ಪಿಟಕ್ಕಣ್ಣ ಗುಟ್ಟಾಗಿಯೇ ಇಟ್ಟ. ಮೆಟ್ಟಿಲು ಹತ್ತಿದರೆ ಏದುಸಿರು, ದಿನದಿನಕ್ಕೆ ಅಂಗಿ ಸಡಿಲ. ಕೊನೆಗೆ ಹೆಂಡತಿಯೇ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು.

"ಕ್ಷಯದ ಥರ ಕಾಣ್ತಿಲ್ಲ. ಏನು ಕೆಲಸ ನಿಮ್ದು?"

"ಫ್ಯಾಕ್ಟರಿ."

"ಅಲ್ಲಿ ಧೂಳು ಇರುತ್ತಾ? ಯಾವುದರ ಧೂಳು?"

ಅವನ ಕಿವಿ ನೆಟ್ಟಗಾಯಿತು. ಕೆಮ್ಮಿಗೆ ಔಷಧಿ ಕೊಡುವವರಿಗೆ ಧೂಳಿನ ಕುಲಗೋತ್ರ ಯಾಕೆ? ಮೇಜಿನ ಮೇಲೆ ಫೋನು ಮಗುಚಿಟ್ಟಿತ್ತು. ಬಾಗಿಲು ಅರ್ಧ ತೆರೆದಿತ್ತು, ಆಚೆ ಯಾರದೋ ನೆರಳು. ಅವನು ಬಾಯಿಗೆ ಬೀಗ ಹಾಕಿಕೊಂಡು ಗೋಡೆ ನೋಡುತ್ತ ಕುಳಿತ.

"ನಿದ್ದೇಲಿ ಸಕ್ಕರೆ ಸಕ್ಕರೆ ಅಂತ ಬಡಬಡಿಸ್ತಾರೆ ಡಾಕ್ಟ್ರೇ, ನಂಗೊತ್ತಿರೋದು ಅಷ್ಟೇ," ಎಂದಳು ಹೆಂಡತಿ.

"ಸಕ್ಕರೆ ಕಾಯಿಲೆ ಇದೆಯಾ? ಮೊದಲೇ ಹೇಳಬಾರದಾ?"

ಇಲ್ಲವೆಂದರೆ ಇನ್ನೊಂದು ಪ್ರಶ್ನೆ ಬರುತ್ತದೆ. ಇದೆ ಎಂದುಬಿಟ್ಟ ಭೂಪ. ಮರುದಿನ ಖಾಲಿ ಹೊಟ್ಟೆಯಲ್ಲಿ ಹೋಗಿ ಇಲ್ಲದ ಕಾಯಿಲೆಗೆ ರಕ್ತವನ್ನೂ ಕೊಟ್ಟು ಬಂದ. ಫಲಿತಾಂಶ ನೋಡಿದ ಡಾಕ್ಟರಮ್ಮನಿಗೆ ಸಿಟ್ಟು ಬಂತು.

"ನಿಮಗೆ ಸಕ್ಕರೆಯೂ ಇಲ್ಲ, ಮಣ್ಣೂ ಇಲ್ಲ. ಶ್ವಾಸಕೋಶ ಒಳಗೊಳಗೇ ಕೆಡ್ತಾ ಇದೆ. ಯಾವ ಧೂಳು ಅಂತ ಗೊತ್ತಾಗದೆ ನಾನು ಏನು ಮಾಡಲಿ? ಹೀಗೇ ಬಿಟ್ರೆ ಉಸಿರೇ ನಿಲ್ಲುತ್ತೆ."

ಉಸಿರಿನ ಮಾತು ಬಂದ ಮೇಲೂ ಅವನು ನೆಟ್ಟಗೆ ಹೋದದ್ದು ಸೆಕ್ಯುರಿಟಿ ಆಫೀಸರ ಕೋಣೆಗೆ, ಡಾಕ್ಟರಮ್ಮನ ಮೇಲೆ ದೂರು ಹೇಳಲು. ಅದು ಕಿಟಕಿಯಿಲ್ಲದ ಕೋಣೆ. ಆಫೀಸರು ಎದ್ದು ಬಂದು ಬಾಗಿಲು ಹಾಕಿದರು.

"ನೀವೇನು ಹೇಳಿದ್ರಿ?"

"ಏನೂ ಹೇಳಿಲ್ಲ ಸರ್."

"ಒಳ್ಳೇದು ಮಾಡಿದ್ರಿ. ಮತ್ತೆ ಕೇಳಿದ್ರೆ ಕಬ್ಬಿಣದ ಧೂಳು ಅಂದ್ಬಿಡಿ." ಸ್ವಲ್ಪ ತಡೆದು, ದನಿ ತಗ್ಗಿಸಿ ಕೇಳಿದರು: "ಅದಿರಲಿ, ಸಾಣೆಮನೇಲಿ ಇನ್ನೂ ಯಾರಿಗೆ ಕೆಮ್ಮಿದೆ?"

ಪಿಟಕ್ಕಣ್ಣ ತಲೆ ಎತ್ತಿ ಆಫೀಸರ ಮುಖ ನೋಡಿದ. ಹಕ್ಕಿ ಮೇಷ್ಟ್ರ ನೆಂಟರನ್ನೂ ಬಿಡದೆ ವಿಚಾರಿಸಿದ್ದ ಮನುಷ್ಯ, ಈಗ ಡಾಕ್ಟರ ಹೆಸರನ್ನೂ ಕೇಳಲಿಲ್ಲ. ಇವರಿಗೆ ಬೇಕಾದದ್ದು ಕೆಮ್ಮಿನ ಲೆಕ್ಕ. ಭಾವಮೈದುನ ಎರಡು ವಾರದಿಂದ ಕರವಸ್ತ್ರದೊಳಗೆ ಕೆಮ್ಮುತ್ತಿದ್ದದ್ದು ನೆನಪಾಯಿತು.

"ಯಾರಿಗೂ ಇಲ್ಲ ಸರ್," ಎಂದ. ಆ ಕೋಣೆಯಲ್ಲಿ ಅವನು ಸುಳ್ಳು ಹೇಳಿದ್ದು ಅದೇ ಮೊದಲು.

"ಇದ್ರೆ ಮೊದಲು ನನಗೆ ಹೇಳಿ. ಆಸ್ಪತ್ರೆಗೆ ಆಮೇಲೆ ಹೋದ್ರಾಯ್ತು."

ಊರವರನ್ನೆಲ್ಲ ಅನುಮಾನಿಸಿದ್ದ ಪುಣ್ಯಾತ್ಮ ಕಂಪನಿಯನ್ನು ಮಾತ್ರ ಒಂದು ದಿನವೂ ಅನುಮಾನಿಸಿರಲಿಲ್ಲ. ಗೇಟು ದಾಟುವಾಗ ಅವನಿಗೆ ಮೊದಲು ಹೆದರಿಕೆಯಾಯಿತು, ಅದರ ಹಿಂದೆಯೇ ಕೋಪ ಬಂತು. ಮನೆಗೆ ಹೋಗದೆ ಆಸ್ಪತ್ರೆಯ ದಾರಿ ಹಿಡಿದ. ಡಾಕ್ಟರ ಕೋಣೆಯ ಬಾಗಿಲನ್ನು ತಾನೇ ಭದ್ರವಾಗಿ ಹಾಕಿ, ಪಿಸುದನಿಯಲ್ಲಿ ಹೇಳಿದ:

"ಕಬ್ಬಿಣ ಅಲ್ಲಮ್ಮ. ಅಯಸ್ಕಾಂತಕ್ಕೆ ಅಂಟಲ್ಲ. ಬೂದು ಬಣ್ಣ. ಕೈಯಲ್ಲಿ ಹಿಡಿದ್ರೆ ಇದೆಯೋ ಇಲ್ವೋ ಅನ್ನೋಷ್ಟು ಹಗುರ. ಹೆಸರು ಮಾತ್ರ ನನಗೂ ಗೊತ್ತಿಲ್ಲ."

ಡಾಕ್ಟರಮ್ಮ ಎಕ್ಸ್‌ರೇಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. "ಬೆರಿಲಿಯಂ ಇರಬಹುದು. ಅದಕ್ಕೆ ಬೇರೆ ರಕ್ತಪರೀಕ್ಷೆ ಇದೆ, ಬರೆದುಕೊಡ್ತೀನಿ. ಆ ಧೂಳಿನ ಹತ್ತಿರ ಮಾತ್ರ ಇನ್ನು ಹೋಗಕೂಡದು. ಪಕ್ಕದಲ್ಲಿ ಕೆಲಸ ಮಾಡೋರನ್ನೂ ಕರ್ಕೊಂಡು ಬನ್ನಿ. ಬೇಗ ಬಿಟ್ಟಷ್ಟೂ ಒಳ್ಳೇದು."

ಇಷ್ಟು ವರ್ಷ ಅನ್ನ ಹಾಕಿದ ಲೋಹದ ಹೆಸರನ್ನು ಹೊರಗಿನವರ ಬಾಯಲ್ಲಿ ಕೇಳಿ ಅವನಿಗೆ ಅಳು ಬಂದುಬಿಟ್ಟಿತು.

ಅಲ್ಲಿಂದ ಸೀದಾ ಭಾವಮೈದುನನ ಮನೆಗೆ ಹೋದ. ಎರಡನೇ ಮಹಡಿ ಹತ್ತುವಷ್ಟರಲ್ಲಿ ಉಸಿರು ಕಟ್ಟಿತ್ತು. ನಿಂತಲ್ಲೇ ಹೇಳಿದ: "ನಾಳೆಯಿಂದ ಕಲ್ಲಿಗೆ ಕೂರಬೇಡ. ಅದು ಬೆರಿಲಿಯಂ ಇರಬಹುದಂತೆ, ಎದೆಗೆ ವಿಷ. ನನ್ನ ಜೊತೆ ಡಾಕ್ಟರ ಹತ್ರ ಬಾ."

ಭಾವಮೈದುನ ಎದ್ದು ಕಿಟಕಿ ಮುಚ್ಚಿದ.

"ಈ ಹೆಸರು ನಿಮಗೆ ಯಾರು ಹೇಳಿದ್ದು ಭಾವ?"

"ಡಾಕ್ಟರಮ್ಮ."

"ಸಕ್ಕರೆ ವಿಷಯ ಅವರಿಗೆ ಯಾರು ಹೇಳಿದ್ದು?"

"ನಾನೇ."

ಭಾವಮೈದುನ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಎದುರುಮನೆಯ ಮೇಷ್ಟ್ರನ್ನು ಪಿಟಕ್ಕಣ್ಣ ನೋಡುತ್ತಿದ್ದದ್ದೂ ಹಾಗೆಯೇ.

"ನಾನು ಆಫೀಸರಿಗೆ ಹೇಳಲೇಬೇಕಾಗುತ್ತೆ ಭಾವ. ಬೇಜಾರು ಮಾಡ್ಕೋಬೇಡಿ."

"ಹೇಳಪ್ಪ. ನನ್ನ ಕೆಲಸ ಹೋದ್ರೆ ಹೋಗಲಿ. ನೀನು ಒಂದ್ಸಲ ತೋರಿಸ್ಕೋ. ನಿನ್ನನ್ನ ಅಲ್ಲಿಗೆ ಸೇರಿಸಿದ್ದು ನಾನು ಕಣೋ."

"ನನಗೇನೂ ಕೆಮ್ಮಿಲ್ಲ," ಎಂದು ಭಾವಮೈದುನ ಬಾಗಿಲು ತೆರೆದು ಹಿಡಿದ.

ಪಿಟಕ್ಕಣ್ಣ ಹೊರಗೆ ಬಂದ. ಹಿಂದೆ ಚಿಲಕ ಬಿತ್ತು. ಇನ್ನೊಮ್ಮೆ ತಟ್ಟಲೋ ಬೇಡವೋ ಎಂದು ಅವನು ಮೆಟ್ಟಿಲ ಬಳಿ ನಿಂತಿದ್ದಾಗ, ಒಳಗೆ ಭಾವಮೈದುನ ಬಾಯಿಗೆ ಏನನ್ನೋ ಒತ್ತಿಕೊಂಡು ಕೆಮ್ಮುವುದು ಕೇಳಿಸಿತು.