ಸಿದ್ದಮ್ಮತ್ತೆ ಬಿತ್ತಿದ ರಾಗಿ

ನಿನ್ನೆ ಮೊಮ್ಮಗಳ ಜೊತೆ ಬಸ್ಸಿನಲ್ಲಿ ಕಣಕಟ್ಟೆಗೆ ಹೋಗುವಾಗ ಆಗತಾನೇ ಮೊಳೆತ ರಾಗಿಯ ಸಾಲುಗಳು ಕಂಡವು. ತೊಂಬತ್ತರ ಹತ್ತಿರ ಬಂದಿರುವ ನನಗೆ ತಟ್ಟನೆ ಸಿದ್ದಮ್ಮತ್ತೆ ನೆನಪಾದಳು.

ಅವಳು ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಕಳೆ, ಕೊಯ್ಲು, ಒಕ್ಕಣೆ ಎಲ್ಲಕ್ಕೂ ಅವಳು ಬೇಕು. ಬಿತ್ತನೆಯ ದಿನ ಮಾತ್ರ ಬೀಜ ಮುಟ್ಟುವಂತಿರಲಿಲ್ಲ. ಅಪ್ಪ ಎತ್ತು ಹೊಡೆದರೆ, ಹಿಂದೆ ನಡೆಯುತ್ತಾ ಸಾಲು ಬಿತ್ತುವ ಕೂರಿಗೆಯ ಬಟ್ಟಲಿಗೆ ರಾಗಿ ಬಿಡುವುದು ಮುತ್ತೈದೆಯಾದ ನನ್ನಜ್ಜಿಯ ಕೆಲಸ.

ಆ ವರ್ಷ ಮಳೆ ಬಿದ್ದಾಗ ಅಜ್ಜಿ ಜ್ವರದಿಂದ ಮಲಗಿದ್ದಳು. ಬಿಸಿಲಿಗೆ ಹೊಲದ ಹದ ಆರುತ್ತಿತ್ತು. ಅತ್ತೆ ತಾನೇ ಬೀಜವನ್ನು ಮಡಿಲಿಗೆ ಕಟ್ಟಿಕೊಂಡಳು.

“ಗಂಡ ಸತ್ತೋಳ ಕೈಲಿ ಬಿತ್ತಿಸ್ತೀಯಲ್ಲೋ, ಮೊಳೀತೈತಾ ಅದು?” ಪಕ್ಕದ ಹೊಲದ ಬಸಪ್ಪ ಬದುವಿನಿಂದಲೇ ಕೂಗಿದ. ಅಪ್ಪ ಎತ್ತು ನಿಲ್ಲಿಸಿ ಅಕ್ಕನ ಮುಖ ನೋಡಿದ.

“ಹೊಡಿ ತಮ್ಮಾ, ಹದ ಹೋಯ್ತೈತೆ” ಎಂದಳು ಅತ್ತೆ.

ಅವಳ ಬೆರಳ ಸಂದಿಯಿಂದ ರಾಗಿ ಒಂದೇ ಸಮನೆ ಇಳಿಯಿತು. ವಾರದೊಳಗೆ ಪೈರು ಎದ್ದಿತು. ಎಲ್ಲೂ ಒತ್ತಾಗಿಲ್ಲ, ಎಲ್ಲೂ ಬಿಟ್ಟುಹೋಗಿಲ್ಲ. ಹುಷಾರಾದ ಅಜ್ಜಿ ಹೊಲ ನೋಡಿ, “ನನ್ ಕೈಲೂ ಹಿಂಗೆ ಬಂದಿರ್ನಿಲ್ಲ ಕಣೇ” ಅಂದಳು.

ಮರುವರ್ಷ ಬಸಪ್ಪನೇ ನಮ್ಮ ಬಾಗಿಲಿಗೆ ಬಂದ. “ಸಿದ್ದಮ್ಮ, ನಮ್ ಹೊಲಾನೂ ನೀನೇ ಬಿತ್ಕೊಡ್ಬೇಕು ಕಣವ್ವ” ಎಂದು ತಲೆ ತಗ್ಗಿಸಿ ನಿಂತ.

ಅತ್ತೆ ಹಳೆಯ ಮಾತು ಎತ್ತಲಿಲ್ಲ. “ನಡಿಯಣ್ಣ, ಬಿಸ್ಲೇರೋದ್ರೊಳಗೆ ಮುಗಿಸಾನ” ಎಂದು ಸೆರಗು ಸಿಕ್ಕಿಸಿಕೊಂಡು ಹೊರಟಳು. ಆಮೇಲೆ ಊರಿನ ಎಷ್ಟೋ ಹೊಲಗಳನ್ನು ಬಿತ್ತಿದ್ದು ಅವಳದೇ ಕೈ.

ಎಲ್ಲ ಕೇಳಿದ ಮೊಮ್ಮಗಳು, “ಅವರ ಫೋಟೋ ಇದ್ಯಾ ಅಜ್ಜಿ?” ಎಂದಳು. ಒಂದೂ ಇಲ್ಲ. ಅದಕ್ಕೇ ಇದನ್ನು ಬರೆದೆ.